ಪಕ್ಕದ ಮನೆಗೆ ಹದಿನೇಳು ಕಿಲೋಮೀಟರ್

ನಮ್ಮೂರಿನಲ್ಲಿ ಬೀದಿಗಳು ಬೆಳೆಯುತ್ತವೆ. ಎಲ್ಲ ಬೀದಿಗಳೂ ಅಲ್ಲ. ಯಾವುದೋ ಎರಡು ಮನೆಗಳ ನಡುವೆ ಒಂದು ದಿನ ಸಂದು ಬಿಡುತ್ತದೆ, ಆಮೇಲೆ ಆ ಸಂದು ಹಿಗ್ಗುತ್ತ ಹೋಗುತ್ತದೆ. ಹೆಣ್ಣು ಕೊಡುವವರು ಜಾತಕ ನೋಡುವುದಕ್ಕೆ ಮೊದಲು ಹುಡುಗನ ಮನೆಯ ಗೋಡೆಗಳನ್ನು ತಟ್ಟಿ ನೋಡುತ್ತಾರೆ. ಗಾಣದ ಬೀದಿಯಲ್ಲಿ ಹೀಗೆ ಬಿಟ್ಟಾಗ ಅಲ್ಲಿಯವರು ಆಚೆ ಕಡೆಗೆ ಬಸ್ಸು ಹಾಕಿಸಿಕೊಂಡರು. ಎಂಜಿನ್ನಿನ ಸದ್ದಿಗೆ ಹೊಸ ರಸ್ತೆ ಇನ್ನೂ ಬೇಗ ಹಿಗ್ಗಿ, ಒಂದೇ ತಿಂಗಳಲ್ಲಿ ನಲವತ್ತು ಮೈಲಿ ದೂರವಾಯಿತು. ಬಸ್ಸೂ ನಿಂತಿತು. ಅಂದಿನಿಂದ ಮುನ್ಸಿಪಾಲಿಟಿಯವರು ಹೊಸ ರಸ್ತೆಗಳ ಬಾಯಲ್ಲಿ ಬೋರ್ಡು ನೆಟ್ಟಿದ್ದಾರೆ: ನಡೆಯಬಹುದು, ಸೈಕಲ್ಲಿನಲ್ಲಿ ಹೋಗಬಹುದು, ಇಲ್ಲವೇ ಸದ್ದಿಲ್ಲದ ಹಗುರವಾದ ಎಲೆಕ್ಟ್ರಿಕ್ ಗಾಡಿಯಲ್ಲಿ ಒಬ್ಬರೇ ಹೋಗಬಹುದು.

ನಮ್ಮ ಬೀದಿ ಬಿಟ್ಟಿದ್ದು ನಾನು ನಿವೃತ್ತಳಾದ ವರ್ಷ, ನನ್ನ ಮನೆಗೂ ಓಂಕಾರಪ್ಪನವರ ಮನೆಗೂ ನಡುವೆ.

ಎರಡು ಮನೆಗೂ ಸೇರಿ ಒಂದೇ ಗೋಡೆ ಇತ್ತು. ಅವರು ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಟಾಕೀಸು ಮುಚ್ಚಿ, ಹೆಂಡತಿಯೂ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾನು ಮದುವೆಯಾಗಲಿಲ್ಲ. ಮುನ್ಸಿಪಲ್ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತಿದ್ದೆ. ಹೆಸರು, ವಯಸ್ಸು, ಮುಂದಿನವರು ಬನ್ನಿ. ಇಷ್ಟು ಮಾತಿನಲ್ಲೇ ನನ್ನ ಹಗಲು ಮುಗಿಯುತ್ತಿತ್ತು. ಓಂಕಾರಪ್ಪನವರ ಜೊತೆ ಹತ್ತೊಂಬತ್ತು ವರ್ಷದಲ್ಲಿ ಹತ್ತೊಂಬತ್ತು ಮಾತು ಆಡಿರಲಿಕ್ಕಿಲ್ಲ. ಬೀದಿಯಲ್ಲಿ ಎದುರಾದರೆ ಅವರು ತಲೆ ಆಡಿಸುತ್ತಿದ್ದರು, ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟೇ. ಆದರೆ ಅವರು ಅಡುಗೆ ಮಾಡುವಾಗ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದರು. ‘ಸಾಸಿವೆ ಸಿಡೀತು, ಇನ್ನು ಕರಿಬೇವು,’ ‘ಅಯ್ಯೋ ಉಪ್ಪು ಹಾಕಿದ್ನೋ ಇಲ್ವೋ.’ ನಾನೂ ಆಚೆ ಒಲೆಯ ಮುಂದೆ ನಿಂತು, ‘ಹಾಕಿದ್ರಿ, ಡಬ್ಬ ಸದ್ದಾಯ್ತು’ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಅವರ ಮನೆಯಲ್ಲಿ ಬೇಳೆ ಸಾರಾದರೆ ನಾನೂ ಅಂದು ಬೇಳೆ ಸಾರೇ ಮಾಡುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳುವುದಕ್ಕೆ ಯಾರಿದ್ದರು?

ಮೊದಲ ದಿನ ಗೋಡೆ ಕೂದಲೆಳೆಯಷ್ಟು ಸೀಳಿತು. ವಾರದಲ್ಲಿ ಅದರೊಳಗೆ ಕೈ ತೂರುವಷ್ಟಾಯಿತು. ತಿಂಗಳಿಗೆ ಅವರ ಮನೆಯೂ ನನ್ನ ಮನೆಯೂ ತಮ್ಮ ತಮ್ಮ ಅರ್ಧ ಗೋಡೆಯನ್ನು ಹೊತ್ತು ಬೇರೆ ಬೇರೆ ನಿಂತಿದ್ದವು. ನಡುವೆ ಹುಲ್ಲು ಕೂಡ ಹುಟ್ಟದ ಹೊಸ ಮಣ್ಣು. ಅವರ ಕಡೆ ಹನ್ನೊಂದು ಮನೆ, ಒಂದು ಬಾವಿ, ಒಂದು ಸಣ್ಣ ಅಂಗಡಿ ಉಳಿದವು. ಊರೆಲ್ಲ ನನ್ನ ಕಡೆ ಉಳಿಯಿತು. ಕರೆಂಟಿನವರು ಮೂರು ಸಲ ತಂತಿ ಜೋಡಿಸಿದರು, ಮೂರು ಸಲವೂ ಎಳೆದು ತುಂಡಾಯಿತು. ನಾಲ್ಕನೆಯ ಸಲ ಬರಲಿಲ್ಲ. ಆ ಕಡೆಯವರು ಸೀಮೆಎಣ್ಣೆ ದೀಪಕ್ಕೆ ಮರಳಿದರು. ಫೋನೂ ಅಲ್ಲಿಗೆ ಹತ್ತುತ್ತಿರಲಿಲ್ಲ. ಎರಡನೆಯ ವರ್ಷಕ್ಕೆ ನನ್ನ ಜಗುಲಿಯಿಂದ ನೋಡಿದರೆ ಅವರ ಮನೆಯಿರಲಿ, ಅದರ ಹೊಗೆಯೂ ಕಾಣುತ್ತಿರಲಿಲ್ಲ.

ಮನೆ ಇಷ್ಟು ಸದ್ದಿಲ್ಲದ್ದು ಎಂದು ನನಗೆ ಆಗಲೇ ಗೊತ್ತಾದದ್ದು. ರೇಡಿಯೋ ಹಾಕಿ ನೋಡಿದೆ. ರೇಡಿಯೋದವರು ಉಪ್ಪು ಮರೆಯುವುದಿಲ್ಲ. ಏನು ಅಡುಗೆ ಮಾಡಬೇಕೆಂದು ತಿಳಿಯದೆ ಎಷ್ಟೋ ದಿನ ಮಧ್ಯಾಹ್ನ ಬರೀ ಅವಲಕ್ಕಿ ತಿಂದೆ.

ಹೀಗಿರುವಾಗ ಅಂಚೆಯ ಜಬ್ಬಾರ್ ಸಾಹೇಬರು ಒಂದು ಲಕೋಟೆ ಹಿಡಿದು ಬಾಗಿಲಿಗೆ ಬಂದರು. ‘ಓಂಕಾರಪ್ಪನೋರಿಗೆ ಮೇಡಂ. ಯಾರದೋ ಮದುವೆ ಕಾಗದ ಇದ್ದಂಗಿದೆ. ಮನೇಲಿ ಇಲ್ಲದಿದ್ರೆ ಪಕ್ಕದ ಮನೇಲಿ ಕೊಡಬಹುದು ಅಂತ ರೂಲ್ಸಿದೆ. ನೀವೇ ಪಕ್ಕದ ಮನೆಯೋರು ತಾನೆ?’

‘ಪಕ್ಕದ ಮನೆ ಈಗ ಎಷ್ಟು ದೂರ ಅಂತ ಗೊತ್ತಾ ಸಾಹೇಬ್ರೆ?’

‘ಒಂಬತ್ತು ಕಿಲೋಮೀಟರಂತೆ. ಆದ್ರೂ ನಡುವೆ ಇನ್ನೊಂದು ಮನೆ ಇಲ್ವಲ್ಲ ಮೇಡಂ,’ ಎಂದು ಲಕೋಟೆಯನ್ನು ನನ್ನ ಕೈಗಿಟ್ಟು ಹೊರಟೇಬಿಟ್ಟರು.

ನನಗೆ ಮಂಡಿ ನೋವು. ಒಂಬತ್ತು ಕಿಲೋಮೀಟರ್ ನಡೆದು ಹೋಗಿ ಬರುವುದು ಆಗದ ಮಾತು. ಸೈಕಲ್ಲು ಕಲಿತವಳಲ್ಲ. ಲಕೋಟೆ ಮೂರು ದಿನ ಮೇಜಿನ ಮೇಲಿತ್ತು. ನಾಲ್ಕನೆಯ ದಿನ ಸಂತೆಪೇಟೆಗೆ ಹೋಗಿ ರುಕ್ಮಾಂಗದನ ಅಂಗಡಿಯ ಮುಂದೆ ನಿಂತೆ. ಮೊದಲು ಸೈಕಲ್ ಅಂಗಡಿಯಾಗಿದ್ದದ್ದು ಈಗ ನಿಂತುಕೊಂಡು ಓಡಿಸುವ ಎಲೆಕ್ಟ್ರಿಕ್ ಸ್ಕೂಟರುಗಳ ಅಂಗಡಿ. ಸಾಲಾಗಿ ನಿಲ್ಲಿಸಿದ್ದ, ಹಲಗೆಗೆ ಎರಡು ಚಕ್ರವೂ ಒಂದು ಉದ್ದನೆಯ ಹಿಡಿಕೆಯೂ ಇದ್ದ ಆ ಗಾಡಿಗಳನ್ನು ನೋಡಿ, ‘ಇದು ಮಕ್ಕಳ ಆಟದ್ದಲ್ಲವೇನಪ್ಪ?’ ಎಂದೆ.

‘ಅದು ಆ ಮೂಲೆಯದ್ದು ಮೇಡಂ. ಇದು ದೊಡ್ಡೋರದ್ದು. ನೂರು ಕೆ.ಜಿ.ವರೆಗೆ ತಡಿಯುತ್ತೆ. ನೀವು ಎಷ್ಟಿದೀರಿ?’

ಮೂವತ್ತೊಂದು ವರ್ಷ ನಾನು ಬೇರೆಯವರ ವಯಸ್ಸು ಕೇಳಿದ್ದೆ. ನನ್ನ ತೂಕವನ್ನು ಒಬ್ಬರು ಕೇಳಿದ್ದು ಅದೇ ಮೊದಲು. ‘ಅರವತ್ತೆರಡು,’ ಎಂದೆ.

‘ಎಲ್ಲಿಗೆ ಓಡಿಸ್ತೀರಿ?’

‘ಪಕ್ಕದ ಮನೆಗೆ.’

ಅವನು ನಗಲಿಲ್ಲ. ನಮ್ಮೂರಿನಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಎಷ್ಟು ದೂರ, ಆ ಕಡೆ ಕರೆಂಟಿದೆಯೇ ಎಂದು ವಿಚಾರಿಸಿದ. ಆಮೇಲೆ ಸಣ್ಣ ಚಕ್ರದ ಎರಡು ಗಾಡಿಗಳನ್ನು ತಾನೇ ಹಿಂದಕ್ಕೆ ತಳ್ಳಿ, ಗಾಳಿ ತುಂಬಿದ ದೊಡ್ಡ ಚಕ್ರದ ಒಂದನ್ನು ಮುಂದಕ್ಕೆ ಎಳೆದ. ‘ಹೊಸ ಮಣ್ಣಿನ ರಸ್ತೆಗೆ ಗಟ್ಟಿ ರಬ್ಬರಿನ ಚಕ್ರ ಬೇಡ, ಕೈ ನಡುಗಿಹೋಗುತ್ತೆ. ಇದಕ್ಕೆ ಹಿಂದೆ ಮುಂದೆ ಎರಡೂ ಬ್ರೇಕಿದೆ. ಚಾರ್ಜು ಮೂವತ್ತು ಕಿಲೋಮೀಟರ್ ಬರುತ್ತೆ ಅಂತ ಡಬ್ಬದ ಮೇಲೆ ಬರೆದಿದಾರೆ. ನೀವು ಅದನ್ನ ನಂಬಬೇಡಿ. ಇಪ್ಪತ್ನಾಲ್ಕು ಅಂತ ಇಟ್ಕೊಳ್ಳಿ. ಹನ್ನೆರಡು ಆದ ತಕ್ಷಣ ಎಲ್ಲಿದ್ರೂ ತಿರುಗಿಬಿಡಿ.’

‘ಇನ್ನೂ ಹೆಚ್ಚು ಓಡೋದು ಇಲ್ವಾ?’

‘ಇದೆ. ಭಾರ ಜಾಸ್ತಿ, ಹೊಸ ರಸ್ತೆಗೆ ಬಿಡಲ್ಲ.’

ಅವನು ನನಗೆ ಗಾಡಿಯನ್ನು ಅಂದೇ ಕೊಡಲಿಲ್ಲ. ‘ಸೀರೇಲಿ ಕೊಡಲ್ಲ ಮೇಡಂ. ಚಕ್ರಕ್ಕೆ ಸಿಕ್ಕಿದ್ರೆ ನಿಮ್ಮನ್ನ ಬೀಳಿಸೋದು ಗಾಡಿ ಅಲ್ಲ, ಸೆರಗು,’ ಎಂದ. ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಚೂಡಿದಾರ ಹೊಲಿಸಿದೆ, ದುಪಟ್ಟಾ ಇಲ್ಲದೆ. ಅದನ್ನು ತೊಟ್ಟು ಹೋದ ದಿನ ಅಂಗಡಿಯ ಹಿಂದಿನ ಬಯಲಿನಲ್ಲಿ ಕಲಿಸಿದ. ಮೊದಲು ಹೆಲ್ಮೆಟ್ಟಿನ ಪಟ್ಟಿ, ಗದ್ದದ ಕೆಳಗೆ ಎರಡು ಬೆರಳು ಹಿಡಿಯುವಷ್ಟು. ಹಿಡಿಕೆ ಮಡಚುವ ಕೊಂಡಿ ಭದ್ರವಾಗಿದೆಯೇ ಎಂದು ಪ್ರತಿ ಸಲ ಅಲುಗಿಸಿ ನೋಡಬೇಕು. ಒಂದು ಕಾಲು ಹಲಗೆಯ ಮೇಲೆ, ಇನ್ನೊಂದರಿಂದ ನೆಲ ಒದ್ದು, ಗಾಡಿ ಚಲಿಸಿದ ಮೇಲೆ ಹೆಬ್ಬೆರಳಿನ ಗುಂಡಿ. ‘ಮಂಡಿ ಬಗ್ಗಿಸಿ, ಕಂಬದ ಥರ ನಿಲ್ಲಬೇಡಿ. ಬ್ರೇಕ್ ಹಿಡಿಯುವಾಗ ಮೈಭಾರ ಹಿಂದಕ್ಕೆ. ಕೈ ಬಿಡಬೇಡಿ, ಮೂಗು ಕಡಿದ್ರೂ ನಿಲ್ಲಿಸಿ ಕೆರ್ಕೊಳ್ಳಿ. ಹಿಡಿಕೆಗೆ ಚೀಲ ನೇತು ಹಾಕಬೇಡಿ, ಬೆನ್ನಿಗೆ ಹಾಕ್ಕೊಳ್ಳಿ. ಮನೆಗೆ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಆರಲಿ. ಮಲಗೋ ಕೋಣೇಲಿ ಹಾಕಲೇಬೇಡಿ.’ ನಾನು ಎರಡು ಸಲ ಬಿದ್ದೆ, ಮೊಣಕೈ ತರಚಿತು. ನಾನು ಏಳುವಾಗ ಅವನು ಕೈ ಕೊಡಲಿಲ್ಲ. ‘ಅಲ್ಲಿ ಯಾರೂ ಇರಲ್ಲ ಮೇಡಂ. ನೀವೇ ಎದ್ದು ಅಭ್ಯಾಸ ಆಗ್ಲಿ,’ ಎಂದ. ಐದನೆಯ ದಿನ ಎಂಟಾಕಾರದಲ್ಲಿ ತಿರುಗಿ ಅವನ ಎದುರು ಬಂದು ನಿಲ್ಲಿಸಿದಾಗ ಬಿಲ್ಲು ಬರೆದ.

ಭಾನುವಾರ ಬೆಳಿಗ್ಗೆ ಲಕೋಟೆಯನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡು ಹೊರಟೆ. ಹೊಸ ರಸ್ತೆಗೆ ಹೆಸರಿಲ್ಲ, ಮೈಲಿಗಲ್ಲಿಲ್ಲ. ಮರವಿಲ್ಲದ್ದರಿಂದ ಹಕ್ಕಿಯಿಲ್ಲ. ಯಾರೂ ಉತ್ತಿರದ, ಯಾರೂ ತುಳಿದಿರದ ನೆಲ ಎರಡೂ ಬದಿಗೆ ಸುಮ್ಮನೆ ಬಿದ್ದುಕೊಂಡಿತ್ತು. ಗಾಡಿಗೂ ಸದ್ದಿರಲಿಲ್ಲ, ಹೆಲ್ಮೆಟ್ಟಿನೊಳಗೆ ನನ್ನ ಉಸಿರು ಮಾತ್ರ. ಕೈ ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಇಳಿಯುವಾಗ ಬೆರಳು ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಬಾಗಿಲು ತಟ್ಟಿದೆ. ಒಳಗಿನಿಂದ, ‘ಯಾರು?’

‘ಪಕ್ಕದ ಮನೆ,’ ಎಂದೆ.

ಓಂಕಾರಪ್ಪನವರು ಬಾಗಿಲು ತೆಗೆದು ನನ್ನ ಹೆಲ್ಮೆಟ್ಟು, ಚೂಡಿದಾರ, ಗಾಡಿ ಎಲ್ಲವನ್ನೂ ನೋಡಿದರು. ಕೂದಲು ಬೆಳ್ಳಗಾಗಿತ್ತು, ಮೈ ಬಡವಾಗಿತ್ತು. ‘ಅಷ್ಟು ದೂರದಿಂದ ಬಂದ್ರಾ! ಬನ್ನಿ ಬನ್ನಿ. ಕೂತ್ಕೊಳ್ಳಿ. ಹೆಸರು... ತಪ್ಪು ತಿಳೀಬೇಡಿ, ನಿಮ್ಮ ಹೆಸರು ಗೊತ್ತಿಲ್ಲ ನಂಗೆ.’

‘ಇಂದುಮತಿ.’

ಲಕೋಟೆ ಒಡೆದರು. ಟಾಕೀಸಿನ ಹಳೆಯ ಮಾಲೀಕರ ಮೊಮ್ಮಗಳ ಮದುವೆ. ಮುಗಿದು ಎರಡು ದಿನವಾಗಿತ್ತು. ಇಬ್ಬರೂ ಆ ಕಾಗದವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆವು. ಆಮೇಲೆ ಅವರು ಕಾಫಿ ಮಾಡಲು ಎದ್ದರು. ಒಳಗಿನಿಂದ, ‘ಹಾಲು ಉಕ್ಕೋಕೆ ಬಂತು, ಇಳಿಸೋಣ,’ ಎಂಬ ಮಾತು ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು. ಲೋಟ ಕೊಡುವಾಗ ನೋಡಿದರೇನೋ, ಗೊತ್ತಿಲ್ಲ. ನೆಲ ನೋಡುತ್ತ ಹೇಳಿದರು. ‘ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ನಿದ್ದೇಲಿ ಮಾತಾಡ್ತಿದ್ರಿ. ಹೆಸರು? ವಯಸ್ಸು? ಅಂತ. ಗೋಡೆ ಆಚೆಯಿಂದ ಕೇಳೋದು. ಮೊದಮೊದಲು ಭಯ ಆಯ್ತು. ಆಮೇಲೆ... ಉತ್ತರ ಕೊಡ್ತಿದ್ದೆ ನಾನು. ಓಂಕಾರಪ್ಪ, ಐವತ್ತೆಂಟು. ಮುಂದಿನ ವರ್ಷ ಐವತ್ತೊಂಬತ್ತು. ಈಗ ಅರವತ್ತಾರು. ಯಾರೂ ಕೇಳಲ್ಲ.’

ಲೋಟ ಕೆಳಗಿಟ್ಟು, ‘ಮುಂದಿನ ಭಾನುವಾರ ಬರ್ತೀನಿ,’ ಎಂದೆ.

ಹೀಗೆ ಭಾನುವಾರಗಳು ಶುರುವಾದವು. ಶನಿವಾರ ಚಕ್ರದ ಗಾಳಿ ನೋಡುವುದು, ಬ್ರೇಕು ಹಿಡಿದು ನೋಡುವುದು, ಗಾಡಿಯನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕುವುದು. ಭಾನುವಾರ ಅವರು ಅಡುಗೆ ಮಾಡುತ್ತಿದ್ದರು, ನಾನು ತರಕಾರಿ ಹೆಚ್ಚುತ್ತಿದ್ದೆ. ಮಾತು ಕಡಿಮೆ. ಮಧ್ಯಾಹ್ನ ಮೂರಕ್ಕೆ ಹೊರಟುಬಿಡುತ್ತಿದ್ದೆ. ಮಳೆ ಬಂದ ಭಾನುವಾರ ಹೋಗುತ್ತಿರಲಿಲ್ಲ. ಒದ್ದೆ ಮಣ್ಣಿನಲ್ಲಿ ಆ ಗಾಡಿ ಹಾವಿನಂತೆ ಜಾರುತ್ತದೆ. ಅಂಥ ವಾರ ಹದಿನಾಲ್ಕು ದಿನ ಉದ್ದವಿರುತ್ತಿತ್ತು.

ಆದರೆ ರಸ್ತೆ ಸುಮ್ಮನಿರಲಿಲ್ಲ. ಒಂಬತ್ತು ಹತ್ತಾಯಿತು, ಹತ್ತು ಹನ್ನೊಂದಾಯಿತು. ಕಾರ್ತಿಕದ ಒಂದು ಭಾನುವಾರ ಹಿಡಿಕೆಯ ನಡುವಿನ ಅಂಕಿ ಹನ್ನೆರಡು ತೋರಿಸಿದಾಗ ನಾನು ಅವರ ಬಾಗಿಲಲ್ಲಿದ್ದೆ. ಅಂದು ಊಟ ಮಾಡುವಾಗ ಅವರಿಗೆ ಹೇಳಿದೆ. ‘ಮುಂದಿನ ವಾರ ಇಲ್ಲಿವರೆಗೆ ಬಂದ್ರೆ ವಾಪಸ್ ಹೋಗೋಕಾಗಲ್ಲ.’

ಅವರು ಅನ್ನ ಕಲಸುತ್ತಲೇ ಇದ್ದರು. ‘ನಿಮ್ಮ ಹನ್ನೆರಡು ಎಲ್ಲಿ ಮುಗಿಯುತ್ತೋ ಅಲ್ಲಿಗೆ ನಾನು ನಡ್ಕೊಂಡು ಬರ್ತೀನಿ,’ ಎಂದರು.

ಬಂದರು ಕೂಡ. ಮೊದಲ ವಾರ ಅವರ ಮನೆ ಕಾಣುವಷ್ಟು ಹತ್ತಿರ. ಆಮೇಲೆ ಒಂದು ಕಿಲೋಮೀಟರ್, ಎರಡು, ಮೂರು. ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಮಡಚುವ ಸ್ಟೂಲು. ಸ್ಟೂಲು ನನಗೆ, ಅವರು ಟವಲು ಹಾಸಿ ನೆಲದ ಮೇಲೆ. ಅತ್ತ ನೋಡಿದರೆ ಅವರ ಮನೆ ಇಲ್ಲ, ಇತ್ತ ನೋಡಿದರೆ ನನ್ನ ಮನೆ ಇಲ್ಲ. ಬಯಲಿನ ನಡುವೆ ಇಬ್ಬರು ಉಪ್ಪಿಟ್ಟು ತಿನ್ನುತ್ತಿದ್ದೆವು. ಒಂದು ತಾಸು ಕೂತು, ಅವರು ಆ ಕಡೆ ನಾನು ಈ ಕಡೆ. ತಿರುಗಿ ನೋಡಬಾರದೆಂದು ನನಗೆ ರುಕ್ಮಾಂಗದ ಹೇಳಿಕೊಟ್ಟಿದ್ದ, ಓಡಿಸುವಾಗ ತಿರುಗಿದರೆ ಹಿಡಿಕೆಯೂ ತಿರುಗುತ್ತದೆ. ನಿಲ್ಲಿಸಿ, ಇಳಿದು ನೋಡುತ್ತಿದ್ದೆ. ಅವರ ಬಿಳಿ ಅಂಗಿ ಕಾಣದಾಗುವವರೆಗೂ.

ಮಾಘದ ಹೊತ್ತಿಗೆ ಪಕ್ಕದ ಮನೆ ಹದಿನೇಳು ಕಿಲೋಮೀಟರಾಗಿತ್ತು. ಅವರು ಐದು ನಡೆದು ಬಂದು ಐದು ನಡೆದು ಹೋಗಬೇಕು. ಅವರ ವಯಸ್ಸಿನಲ್ಲಿ ಅದು ಹೆಚ್ಚಾಯಿತೆಂದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆ ಭಾನುವಾರ ಹನ್ನೆರಡರಲ್ಲಿ ಗಾಡಿ ನಿಲ್ಲಿಸಿದೆ. ಅವರಿರಲಿಲ್ಲ. ಕಾದೆ. ಬಿಸಿಲು ನೆತ್ತಿಗೆ ಬಂತು. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡು ರಸ್ತೆಯನ್ನೇ ನೋಡಿದೆ. ಹೋಗದೆ ತಿರುಗಿದರೆ ಒಂದು ವಾರ ಏನೂ ತಿಳಿಯುವುದಿಲ್ಲ. ಹೋದರೆ ತಿರುಗಿ ಬರುವಷ್ಟು ಚಾರ್ಜಿಲ್ಲ. ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು, ಮುಂದಕ್ಕೆ ಒದ್ದೆ. ಹದಿಮೂರು ಎಂದಿತು ಅಂಕಿ. ಹದಿನಾಲ್ಕು.

ಹದಿನೈದರ ಹತ್ತಿರ ರಸ್ತೆಯ ಬದಿಯಲ್ಲಿ ಬಿಳಿ ಅಂಗಿ ಕಂಡಿತು. ಸ್ಟೂಲಿನ ಮೇಲೆ ಕೂತಿದ್ದರು. ಎಡಗಾಲು ಮುಂದಕ್ಕೆ ಚಾಚಿತ್ತು. ಹರಡು ಬದನೆಕಾಯಿಯಂತೆ ಊದಿತ್ತು. ನನ್ನನ್ನು ನೋಡಿದ್ದೇ ಸಿಟ್ಟಾದರು.

‘ಹನ್ನೆರಡು ದಾಟಿಬಿಟ್ರಲ್ರೀ! ಹೇಗೆ ಹೋಗ್ತೀರಿ ಈಗ?’

‘ನಿಮ್ಮ ಕಾಲಿಗೇನಾಯ್ತು?’

‘ಹಳ್ಳಕ್ಕೆ ಕಾಲಿಟ್ಟೆ. ಹೋದ ವಾರ ಆ ಹಳ್ಳ ಇರಲಿಲ್ಲ. ಬಿಡಿ, ಸ್ವಲ್ಪ ಹೊತ್ತು ಕೂತು ನಿಧಾನಕ್ಕೆ ಹೋಗ್ತೀನಿ. ನೀವು ತಿರುಗಿ.’

‘ಗಾಡಿ ಹತ್ತಿ,’ ಎಂದೆ.

‘ಇಬ್ಬರೂ ಹೋಗೋಣ ಹಾಗಾದ್ರೆ. ಎರಡು ಕಿಲೋಮೀಟರ್ ತಾನೆ.’

‘ಇದು ಒಬ್ರಿಗೇ. ಇಬ್ಬರು ಹತ್ತಿದ್ರೆ ಬ್ರೇಕ್ ಹಿಡಿಯಲ್ಲ, ಇಬ್ಬರೂ ಬೀಳ್ತೀವಿ.’ ನನ್ನ ಹೆಲ್ಮೆಟ್ಟನ್ನು ಅವರ ತಲೆಗಿಟ್ಟು, ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದೆ. ಅವರ ಗದ್ದವನ್ನು ನಾನು ಮುಟ್ಟಿದ್ದು ಅದೇ ಮೊದಲು. ಊದಿದ ಕಾಲಿಗೆ ಭಾರ ಬೀಳದಂತೆ ಸರಿಯಾಗಿದ್ದ ಬಲಗಾಲನ್ನು ಹಲಗೆಯ ನಡುವೆ ಇಡಿಸಿದೆ. ‘ಮಂಡಿ ಬಗ್ಗಿಸಿ. ನನ್ನನ್ನ ನೋಡಬೇಡಿ, ರಸ್ತೆ ನೋಡಿ. ಗುಂಡಿ ಒತ್ತಬೇಡಿ, ನಾನೇ ತಳ್ತೀನಿ. ಏರು ಬಂದಾಗ ಮಾತ್ರ ಮೆಲ್ಲಗೆ ಒತ್ತಿ.’ ಒಂದು ಕೈ ಹಿಡಿಕೆಯ ಮೇಲೆ, ಒಂದು ಕೈ ಅವರ ಬೆನ್ನಿನ ಮೇಲೆ ಇಟ್ಟು ನಡೆದೆ. ಎರಡು ಕಿಲೋಮೀಟರಿಗೆ ಒಂದೂವರೆ ತಾಸು ಹಿಡಿಯಿತು. ದಾರಿಯುದ್ದಕ್ಕೂ ಅವರು ತಮಗೇ ಹೇಳಿಕೊಳ್ಳುತ್ತಿದ್ದರು, ‘ಬಗ್ಗಿಸಿದೀನಿ, ರಸ್ತೆ ನೋಡ್ತಿದೀನಿ, ಹಾಂ, ಏರು ಬಂತು, ಒತ್ತೋಣ.’

ಅಂಗಡಿಯ ಸಣ್ಣಮ್ಮ ಎನ್ನುವವಳು ಅರಿಶಿನ ಸುಣ್ಣ ಕಲಸಿ ತಂದು ಅವರ ಕಾಲಿಗೆ ಹಚ್ಚಿದಳು. ನನ್ನನ್ನು ಕಂಡು, ‘ನೀವು ಆ ಕಡೆ ಪಕ್ಕದ ಮನೆಯೋರಲ್ವಾ?’ ಎಂದಳು, ಅಷ್ಟೇ. ಮೂರು ದಿನ ನಾನು ಸಣ್ಣಮ್ಮನ ಮನೆಯಲ್ಲಿ ಮಲಗಿ, ಹಗಲೆಲ್ಲ ಇವರ ಮನೆಯಲ್ಲಿ ಅಡುಗೆ ಮಾಡಿದೆ. ಎರಡನೆಯ ದಿನ ಕಸ ಗುಡಿಸುವಾಗ ಅವರ ಮನೆಯ ಇನ್ನೊಂದು ಗೋಡೆಯಲ್ಲಿ, ಸಣ್ಣಮ್ಮನ ಮನೆಯ ಕಡೆ, ಹೊಸ ಸುಣ್ಣದ ಒಂದು ಗೆರೆ ಕಂಡೆ. ಸೀಳನ್ನು ಮುಚ್ಚಿದ್ದರು. ಬೆರಳಿಟ್ಟು ನೋಡಿದೆ. ಸುಣ್ಣ ಮತ್ತೆ ಬಿಟ್ಟುಕೊಂಡಿತ್ತು.

‘ಇದು ಯಾವಾಗಿನಿಂದ?’

‘ದೀಪಾವಳಿಯಿಂದ,’ ಎಂದರು. ‘ಇನ್ನು ಈ ಕಡೆಯೂ ಯಾರೂ ಇರಲ್ಲ.’

‘ನನ್ನ ಜೊತೆ ಬಂದುಬಿಡಿ ಊರಿಗೆ.’

‘ಹೇಗೆ ಬರ್ಲಿ? ಈ ಕಾಲಲ್ಲಿ ಹದಿನೇಳು ಕಿಲೋಮೀಟರ್? ಕಾಲು ವಾಸಿಯಾಗೋ ಹೊತ್ತಿಗೆ ಇಪ್ಪತ್ತೈದಾಗಿರುತ್ತೆ.’ ಊದಿದ ಕಾಲನ್ನು ಹತ್ತಿರಕ್ಕೆ ಎಳೆದುಕೊಂಡು, ‘ನೀವು ಇರಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ,’ ಎಂದರು. ಇರುತ್ತೇನೆ ಎನ್ನಲು ನನಗೂ ಬಾಯಿ ಬರಲಿಲ್ಲ. ಹೆಂಗಸು, ಈ ವಯಸ್ಸು, ಮನೆ, ಜನ. ಯಾವ ಜನ ಎಂದು ಆಗ ಯೋಚಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಹೊರಟೆ. ಏಳು ಕಿಲೋಮೀಟರಿಗೆ ಚಾರ್ಜು ಮುಗಿಯಿತು. ಉಳಿದ ಹತ್ತು ಗಾಡಿಯನ್ನು ತಳ್ಳಿಕೊಂಡು ನಡೆದೆ. ಮಂಡಿ ಹಿಡಿದುಕೊಂಡಾಗ ಹಲಗೆಯ ಮೇಲೆ ಕೂರುವುದು, ಮತ್ತೆ ಏಳುವುದು. ಸಂಜೆ ನಾಲ್ಕರ ಹೊತ್ತಿಗೆ ಮನೆ ತಲುಪಿದೆ. ಬಾಗಿಲ ಮುಂದೆ ಮೂರು ದಿನದ ಹಾಲಿನ ಪ್ಯಾಕೆಟ್ಟುಗಳು, ಬಲೂನಿನಂತೆ ಉಬ್ಬಿ, ಒಂದರ ಪಕ್ಕ ಒಂದು. ಅಂದಿನದು ಅವುಗಳ ಮೇಲೆ. ಹಾಲಿನವನು ಹಳೆಯದನ್ನು ನೋಡಿಯೂ ಹೊಸದನ್ನು ಇಟ್ಟು ಹೋಗಿದ್ದ. ಎದುರು ಮನೆಯಾಕೆ ಕಸ ಹಾಕಲು ಬಂದವಳು ನನ್ನನ್ನು ನೋಡಿ, ‘ವಾಕಿಂಗಾ?’ ಎಂದು ಒಳಗೆ ಹೋದಳು. ನಾಲ್ಕು ಪ್ಯಾಕೆಟ್ಟನ್ನೂ ಒಡೆದು ಮೋರಿಗೆ ಸುರಿದೆ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ನಾನು ಆ ರಸ್ತೆಯಲ್ಲಿ ಬಿದ್ದು ಸತ್ತಿದ್ದರೆ ಪ್ಯಾಕೆಟ್ಟುಗಳು ಎಷ್ಟಾಗುತ್ತಿದ್ದವೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ನನ್ನ ಮಂಡಿ ಸರಿಹೋಗಲು ಆರು ದಿನ ಬೇಕಾಯಿತು. ಏಳನೆಯ ದಿನ ಹಾಲು ನಿಲ್ಲಿಸಿದೆ. ರುಕ್ಮಾಂಗದನ ಅಂಗಡಿಗೆ ಹೋಗಿ ಚಕ್ರ, ಬ್ರೇಕು, ಕೊಂಡಿ ಎಲ್ಲ ನೋಡಿಸಿದೆ. ‘ಈಗ ಎಷ್ಟಾಯ್ತು ಮೇಡಂ ದೂರ?’ ಎಂದ. ಹದಿನೇಳು ಮುಕ್ಕಾಲಿರಬಹುದು ಎಂದೆ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಹೋಗಬೇಡಿ ಎಂದಾನೆಂದುಕೊಂಡೆ. ‘ಬೆನ್ನಿನ ಚೀಲ ಐದು ಕೆ.ಜಿ. ಮೀರದಂಗೆ ನೋಡ್ಕೊಳ್ಳಿ,’ ಎಂದಷ್ಟೇ ಹೇಳಿ ಮತ್ತೆ ಬಗ್ಗಿ ಚಕ್ರಕ್ಕೆ ಗಾಳಿ ಹಾಕಿದ.

ಐದು ಕೆ.ಜಿ.ಯಲ್ಲಿ ಏನು ಹಿಡಿಯುತ್ತದೆ? ನಾಲ್ಕು ಜೊತೆ ಬಟ್ಟೆ, ಮಾತ್ರೆ, ಅಮ್ಮನ ಒಂದು ಹಿತ್ತಾಳೆ ಸೌಟು. ಮನೆಗೆ ಬೀಗ ಹಾಕಿದೆ. ಹನ್ನೆರಡು ದಾಟುವಾಗ ಗಾಡಿ ನಿಧಾನ ಮಾಡಲಿಲ್ಲ. ಓಂಕಾರಪ್ಪನವರು ಬಾಗಿಲ ಹೊರಗೆ ಕೋಲನ್ನು ಗೋಡೆಗೆ ಒರಗಿಸಿ ನಿಂತು ನೆಲ ಒರೆಸಿದ ಬಟ್ಟೆಯನ್ನು ಹಿಂಡುತ್ತಿದ್ದರು. ನನ್ನನ್ನು ನೋಡಿ ಕೈ ನಿಂತಿತು.

‘ಇವತ್ತು ಭಾನುವಾರ ಅಲ್ವಲ್ಲ?’

‘ಅಲ್ಲ. ಬುಧವಾರ.’

ಅವರು ಗಾಡಿಯ ಹಿಡಿಕೆಯ ಕಡೆ, ಅಂಕಿಯ ಕಡೆ ನೋಡಿದರು. ‘ವಾಪಸ್ ಹೋಗೋಕೆ ಚಾರ್ಜಿದೆಯಾ?’

‘ಇಲ್ಲ,’ ಎಂದೆ.

ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಒಂದು ಸಲ ಕೊಡವಿ, ಕಟ್ಟೆಯ ಮೇಲೆ ಹರವಿ, ಸುಕ್ಕು ಬಿಡಿಸಿ, ಇನ್ನೂ ಬಿಡಿಸಿದರು. ಆಮೇಲೆ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

‘ಕಾಲು ಒರೆಸ್ಕೊಂಡು ಬನ್ನಿ,’ ಎಂದರು. ‘ನೆಲ ಇನ್ನೂ ಹಸಿ ಇದೆ.’